ದಿನನಿತ್ಯದ ಬದುಕಿನಲ್ಲಿ ಕಾನೂನು: ಬಾಯಿಮಾತು ಮತ್ತು ಬರಹ

(ಸಂಪಗಾಂವದಲ್ಲಿ ಸಂಸ್ಥೆಯ ಸದಸ್ಯರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ಕಾನೂನು ಎಂದ ಕೂಡಲೆ ನಮಗೆ ಕೋರ್ಟು, ಠಾಣೆ ನೆನಪಾಗುತ್ತವೆ. ಆದರೆ ಮನೆ ಕೊಳ್ಳುವಾಗ, ನಿಕಾಹ್ ಮಾಡುವಾಗ, ಕೈಗಡ ಕೊಡುವಾಗ, ಅಂಗಡಿಯಿಂದ ಬೀಜ ತರುವಾಗಲೂ ನಾವು ಕಾನೂನಿನ ಒಳಗೇ ಇರುತ್ತೇವೆ. ನಮ್ಮ ಊರುಗಳಲ್ಲಿ ಇವೆಲ್ಲ ಹೆಚ್ಚಾಗಿ ಬಾಯಿಮಾತಿನ ಮೇಲೆ ನಡೆಯುತ್ತವೆ. ನಂಬಿಕೆ ಒಳ್ಳೆಯದೇ. ಆದರೆ ಮಾತು ಕೊಟ್ಟವರು ತೀರಿಕೊಂಡ ಮೇಲೆ ಆ ಮಾತಿಗೆ ಸಾಕ್ಷಿ ಯಾರು? ಸಾಲದ ವ್ಯವಹಾರ ಬರೆದಿಡುವ ವಿಷಯ ಪವಿತ್ರ ಕುರ್‌ಆನಿನ ಸೂರಃ ಅಲ್‌-ಬಕರದ 282ನೆಯ ಆಯತಿನಲ್ಲಿಯೇ ವಿವರವಾಗಿ ಬಂದಿದೆ. ಬರೆಸಿಕೊಳ್ಳುವುದು ಅಪನಂಬಿಕೆಯಲ್ಲ.

ಮೊದಲು ಮನೆಯ ಪಾಲು. ತಂದೆ ತೀರಿಕೊಂಡರು, ಹೆಂಡತಿ, ಒಬ್ಬ ಮಗ, ಒಬ್ಬ ಮಗಳು ಇದ್ದಾರೆ ಎನ್ನಿ. ಸಾಲ, ವಸಿಯತ್ತು ಕಳೆದು ಉಳಿದುದನ್ನು 24 ಪಾಲು ಮಾಡಿದರೆ ತಾಯಿಗೆ 3, ಮಗನಿಗೆ 14, ಮಗಳಿಗೆ 7. ಇದು ಶರೀಅತ್ ಕೊಟ್ಟ ಹಕ್ಕು, ಅಣ್ಣ ಕೊಡುವ ಕಾಣಿಕೆಯಲ್ಲ. ಆದರೂ "ತಂಗೀ ಮದುವಿಗೆ ಖರ್ಚು ಮಾಡೇವಿ, ಅಕಿ ಏನೂ ಕೇಳೂದಿಲ್ಲ" ಎಂದು ವಾರಸಾದಲ್ಲಿ ಆಕೆಯ ಹೆಸರನ್ನೇ ಬಿಡುವವರಿದ್ದಾರೆ. ಮದುವೆಯ ಖರ್ಚಿನಿಂದ ಪಾಲು ತೀರುವುದಿಲ್ಲ. ಆಕೆ ಸ್ವಂತ ಇಚ್ಛೆಯಿಂದ ಬಿಡುವುದಾದರೆ ಹಕ್ಕು ಬಿಟ್ಟ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಬೇಕು. ಸಹೋದರಿಯರೆ, ಓದಿಸಿ ತಿಳಿದುಕೊಳ್ಳದೆ ಯಾವ ಕಾಗದಕ್ಕೂ ಸಹಿ ಮಾಡಬೇಡಿ. ಅಣ್ಣಂದಿರೆ, ಹೆಸರು ಬಿಟ್ಟ ಮನೆಯನ್ನು ನಾಳೆ ಮಾರಲು ಹೋದಾಗ ವ್ಯಾಜ್ಯ ನಿಮ್ಮ ಬಾಗಿಲಿಗೇ ಬರುತ್ತದೆ.

ಹಿಬಾ ಮಾಡಲು ಮೂರು ಬೇಕು: ಕೊಡುವವರು ಸ್ಪಷ್ಟವಾಗಿ ಹೇಳಬೇಕು, ಪಡೆಯುವವರು ಒಪ್ಪಬೇಕು, ಕಬ್ಜಾ ಕೊಡಬೇಕು. ಇವಿದ್ದರೆ ಬಾಯಿಮಾತಿನ ಹಿಬಾ ಸಹ ನಡೆಯುತ್ತದೆ. ಬರೆದ ಪತ್ರ ನೋಂದಣಿಯಾಗಿಲ್ಲವೆಂಬ ಕಾರಣಕ್ಕೇ ಅದು ಬೀಳುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಆದರೆ ಮೂರನ್ನೂ ಸಾಬೀತು ಮಾಡುವುದು ಸುಲಭವಲ್ಲ, ನೋಂದಣಿಯೇ ಕ್ಷೇಮ. ಮನೆ ಖರೀದಿಗಂತೂ ಈ ವಿನಾಯಿತಿ ಇಲ್ಲ. ಬರೀ ಸಂಚಕಾರ ಪತ್ರ, ಮುಖತ್ಯಾರ ಪತ್ರದಿಂದ ನೀವು ಮಾಲೀಕರಾಗುವುದಿಲ್ಲ.

ನಿಕಾಹ್‌ನಾಮೆಯಲ್ಲಿ ಮೆಹರ್ ಎಷ್ಟು, ಕೊಟ್ಟದ್ದೆಷ್ಟು, ಬಾಕಿಯೆಷ್ಟು ಬರೆಸಿ. ಒಂದು ಪ್ರತಿ ಹುಡುಗಿಯ ಹತ್ತಿರವೇ ಇರಲಿ. ಬಾಕಿ ಮೆಹರ್ ಗಂಡನ ಮೇಲಿನ ಸಾಲ. ಅವನು ತೀರಿಕೊಂಡರೆ ಪಾಲಿಗಿಂತ ಮೊದಲು ಅದು ಸಲ್ಲಬೇಕು.

ವ್ಯಾಪಾರಸ್ಥರು ನೆನಪಿಡಬೇಕಾದದ್ದು: ಕೈಗಡದ ದಾವೆಗೆ ಅವಧಿ ಸಾಮಾನ್ಯವಾಗಿ 3 ವರ್ಷ. ಅದು ಮುಗಿಯುವ ಮೊದಲೇ ಸಾಲಗಾರ ಬಾಕಿ ಒಪ್ಪಿ ಸಹಿ ಮಾಡಿದರೆ ಅವಧಿ ಹೊಸದಾಗಿ ಆರಂಭವಾಗುತ್ತದೆ.

ಇನ್ನು ಖರೀದಿ. ನಮ್ಮದು ಹತ್ತಿ ಬೆಳೆಯುವ ನಾಡು. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ಬಿಲ್ಲು, ಬೀಜದ ಚೀಲ, ಅದರ ಚೀಟಿ ಬಿಸಾಡಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ 2 ವರ್ಷದೊಳಗೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಸುಮ್ಮನಿರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವಿದೆ. ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. 15100ಕ್ಕೆ ಫೋನು ಮಾಡಿ.

ವಿದ್ಯಾರ್ಥಿಗಳೆ, ಇಂದು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಮನೆಯ ಉತಾರ ತೆಗೆದು ತಂದೆತಾಯಿಗೆ ಓದಿ ಹೇಳಿ. ಅದರಲ್ಲಿ ಯಾರ ಹೆಸರಿದೆ, ಯಾರ ಹೆಸರು ಇರಬೇಕಾಗಿತ್ತು ಎಂದು ಕೇಳಿ. ನೀವು ಕಲಿತ ಅಕ್ಷರ ಮೊದಲು ನಿಮ್ಮ ಮನೆಗೆ ಉಪಯೋಗವಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.