ದರಿಯಾ ದೌಲತ್ತಿನ ಪಡುಗೋಡೆ
(ಹಿಲ್ಲೂರಿನಲ್ಲಿ ಮಾಡಿದ ಭಾಷಣ)



ಘಟ್ಟದ ಬುಡದ ಈ ಊರಿನಲ್ಲಿ ನಿಂತು ಕಾವೇರೀ ತೀರದ ಮಹಲಿನ ಮಾತನ್ನು ನಾವು ಎತ್ತುವುದೇಕೆಂದು ಕೆಲವರಿಗೆ ತೋರಬಹುದು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬೀಳುವವರೆಗೆ ಅಂಕೋಲೆಯ ಈ ಸೀಮೆಯೂ ಅಲ್ಲಿಂದಲೇ ಆಳಲ್ಪಡುತ್ತಿದ್ದಿತು. ಬಳಿಕ ಕನ್ನಡ ಜಿಲ್ಲೆಯು ಕುಂಪಣಿಯ ಕೈಸೇರಿತು. ಅದು ಇಬ್ಭಾಗವಾಗಿ 1862ರಲ್ಲಿ ನಾವು ಮುಂಬಯಿ ಇಲಾಖೆಗೂ ಮಂಗಳೂರಿನವರು ಮದ್ರಾಸಿಗೂ ಹಂಚಿಹೋದೆವು. ಮರಳಿ ಒಂದೇ ರಾಜ್ಯದವರಾದುದು 1956ರಲ್ಲಿ. ಆ ಮಹಲು ನಮಗೆ ಪರಕೀಯವಲ್ಲ.

ಟೀಪು ಸುಲ್ತಾನನು ಬೇಸಗೆಯ ವಾಸಕ್ಕೆಂದು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ತು ಕೋಟೆಯ ಹೊರಗೆ, ತೋಟದ ನಡುವೆ ಇರುವುದು. ಅರಮನೆಯೆನ್ನುವಷ್ಟು ದೊಡ್ಡದಲ್ಲ. ಎತ್ತರದ ಜಗಲಿಯ ಮೇಲೆ ಚೌಕಾಕಾರದ ಕಟ್ಟಡ, ಸುತ್ತಲೂ ತೇಗದ ಕಂಬಗಳ ಮೊಗಸಾಲೆ, ಮೇಲಂತಸ್ತಿಗೆ ಏರಲು ನಾಲ್ಕು ಸೋಪಾನಗಳು. ಗೋಡೆ, ಕಂಬ, ಕಮಾನು, ಮಾಳಿಗೆ ಎಲ್ಲವೂ ಬಣ್ಣದ ಕೆಲಸದಿಂದ ತುಂಬಿವೆ.

ನೋಡುವವನನ್ನು ಹಿಡಿದು ನಿಲ್ಲಿಸುವುದು ಪಡುವಣ ಗೋಡೆ. 1780ರ ಸಪ್ಟೆಂಬರ 10ರಂದು ಕಂಚಿಯ ಬಳಿಯ ಪೊಳ್ಳಿಲೂರಿನಲ್ಲಿ ಹೈದರ-ಟೀಪುಗಳು ಕರ್ನಲ್ ಬೇಲಿಯ ಸೇನೆಯನ್ನು ನುಚ್ಚುನೂರು ಮಾಡಿದುದು ಅಲ್ಲಿ ಚಿತ್ರಿತವಾಗಿದೆ. ಆಂಗ್ಲರ ಸಿಪಾಯಿಗಳು ಚೌಕಗಟ್ಟಿ ನಿಂತಿದ್ದಾರೆ. ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಗಾಯಗೊಂಡ ಬೇಲಿಯು ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ.

ಈ ಚಿತ್ರದ ಪಾಡು ಕೇಳತಕ್ಕದ್ದು. ಮುತ್ತಿಗೆಯ ಮುಂಚೆಯೇ ಅದು ಅಳಿಸಲ್ಪಟ್ಟಿದ್ದಿತು. 1799ರ ಬಳಿಕ ಮಹಲಿನಲ್ಲಿ ವಾಸಮಾಡಿದ ಕರ್ನಲ್ ವೆಲ್ಲೆಸ್ಲಿ, ಮುಂದೆ 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದಾತನೇ, ಅದನ್ನು ಸರಿಪಡಿಸಿಸಿದನು. ಆಮೇಲೆ ಯಾರೋ ಸುಣ್ಣ ಬಳಿದರು. 1850ರ ದಶಕದಲ್ಲಿ ಮೈಸೂರು ಸಂಚಾರಕ್ಕೆ ಬಂದ ಲಾರ್ಡ್ ಡಾಲ್‌ಹೌಸಿಯು, ಮೂಲವನ್ನು ನೆನಪಿನಲ್ಲಿಟ್ಟಿದ್ದ ದೇಶೀಯ ಚಿತ್ರಗಾರನಿಂದ ಮತ್ತೆ ಬರೆಸಿದನು.

ತಮ್ಮವರ ಸೋಲಿನ ಚಿತ್ರವನ್ನು ಆಂಗ್ಲರೇ ಕಾದಿಟ್ಟರಲ್ಲಾ ಎಂದು ಅವರ ಔದಾರ್ಯವನ್ನು ಹೊಗಳುವವರುಂಟು. ನಮಗೆ ಆ ಹೊಗಳಿಕೆ ರುಚಿಸದು. ಅದೇ ಪಟ್ಟಣದಲ್ಲಿದ್ದ ಟೀಪುವಿನ ಅರಮನೆಯನ್ನು ಕೆಡವಿದವರೂ ಅವರೇ. ಅದರ ತೊಲೆಗಳು 1830ರ ಸುಮಾರಿಗೆ ಉದಕಮಂಡಲದ ಇಗರ್ಜಿಗೆ ಹೋದವು. ತಾವು ಮಲಗಿದ ಮನೆಯನ್ನು ಉಳಿಸಿಕೊಂಡರು, ಅಷ್ಟೇ.

ಹಾಗಾದರೆ ನಾವು ನೋಡುವುದು ಬರಿಯ ನಕಲೇ? ವಕೀಲರಿಗೆ ಈ ಪ್ರಶ್ನೆ ಹೊಸದಲ್ಲ. ಮೂಲ ದಸ್ತಾವೇಜು ನಷ್ಟವಾದಲ್ಲಿ ಅದನ್ನು ಕಣ್ಣಾರೆ ಕಂಡವನ ಸಾಕ್ಷಿಯನ್ನು ನ್ಯಾಯಸ್ಥಾನವು ತಳ್ಳಿಹಾಕುವುದಿಲ್ಲ. ಪ್ರತಿ ಗೆರೆಯನ್ನೂ ನಂಬುವುದೂ ಇಲ್ಲ. ಈ ಗೋಡೆಯನ್ನೂ ಹಾಗೆಯೇ ಓದತಕ್ಕದ್ದು.

ಪುರಾತತ್ವ ಇಲಾಖೆಯವರು ಬಿಸಿಲು ತಾಗದಂತೆ ಮೊಗಸಾಲೆಗೆ ಹಸಿರು ತಟ್ಟಿಗಳನ್ನು ಇಳಿಬಿಟ್ಟಿರುವುದರಿಂದ ಒಳಗೆ ಮಬ್ಬು. ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರು ಕಣ್ಣು ಹೊಂದಿಕೊಳ್ಳುವವರೆಗೆ ಅವರನ್ನು ಸುಮ್ಮನೆ ನಿಲ್ಲಿಸಬೇಕು. ಆಮೇಲೆ ಆ ಪಲ್ಲಕ್ಕಿಯನ್ನು ಹುಡುಕಲು ಹೇಳಲಿ.