ಗಡ್ಡೆ ಎಷ್ಟು, ಯಕೃತ್ತು ಎಷ್ಟು



ಎಳೆಯ ಮಕ್ಕಳ ಯಕೃತ್ತಿನ ಗಡ್ಡೆ ಎಷ್ಟೋ ಸಲ ಮೊದಲು ಸಿಗುವುದು ಮನೆಯವರ ಕೈಗೆ. ಎಣ್ಣೆ ಹಚ್ಚಿ ನೀರು ಹಾಕುವಾಗ ಮಗುವಿನ ಬಲಪಕ್ಕೆಯ ಕೆಳಗೆ ಏನೋ ಗಟ್ಟಿಯಾಗಿ ತಾಗುತ್ತದೆ. ಮಗು ಆಡಿಕೊಂಡೇ ಇರುತ್ತದೆ. ಆ ಗಡ್ಡೆ ಕ್ಯಾನ್ಸರ್ ಅಲ್ಲದ ರಕ್ತನಾಳಗಳ ಗಂಟಾಗಿರಬಹುದು. ಹೆಪಟೋಬ್ಲಾಸ್ಟೋಮಾ ಎಂಬ ಕ್ಯಾನ್ಸರೂ ಇರಬಹುದು. ಈ ಕ್ಯಾನ್ಸರ್ ಅಪರೂಪ, ಬಂದರೆ ಹೆಚ್ಚಾಗಿ ಮೂರು ವರ್ಷದೊಳಗೆ.

ಮೊದಲು ಅಲ್ಟ್ರಾಸೌಂಡ್, ರಕ್ತಪರೀಕ್ಷೆ. ಆಮೇಲೆ ಎಂ.ಆರ್.ಐ. ಇದರಲ್ಲಿ ಎಕ್ಸ್-ರೇ ಇಲ್ಲ. ಮತ್ತೆ ಮತ್ತೆ ಸ್ಕ್ಯಾನ್ ಆಗಬೇಕಾದ ಮಗುವಿಗೆ ಇದು ಸಣ್ಣ ಮಾತಲ್ಲ. ಎಂ.ಆರ್.ಐ. ಯಂತ್ರದ 1.5 ಟೆಸ್ಲಾದ ಆಯಸ್ಕಾಂತದ ಬಲ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಅದರೊಳಗೆ ಮಲಗಿದ ದೇಹದ ಹೈಡ್ರೋಜನ್ ಪರಮಾಣುಗಳು ರೇಡಿಯೋ ಅಲೆಗೆ ಓಗೊಡುತ್ತವೆ. ಆ ಅಲೆ ಸುಮಾರು 64 ಮೆಗಾಹರ್ಟ್ಸ್, ನಿಮ್ಮ ಎಫ್.ಎಂ. ಪಟ್ಟಿ 88ರ ಹತ್ತಿರ ಶುರುವಾಗುತ್ತದೆ. ಎರಡೂ ಅಕ್ಕಪಕ್ಕದವೇ!

ಗ್ಯಾಡೊಕ್ಸೆಟೇಟ್ ಎಂಬ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟರೆ ಆರೋಗ್ಯವಂತ ಯಕೃತ್ತಿನ ಕೋಶಗಳು ಅದನ್ನು ಹೀರಿಕೊಳ್ಳುತ್ತವೆ. ಸುಮಾರು 20 ನಿಮಿಷದಲ್ಲಿ ಚಿತ್ರದಲ್ಲಿ ಯಕೃತ್ತು ಬೆಳ್ಳಗೆ ಬೆಳಗುತ್ತದೆ, ಗಡ್ಡೆ ಸಾಮಾನ್ಯವಾಗಿ ಕಪ್ಪಾಗಿಯೇ ಉಳಿಯುತ್ತದೆ. ಗಡ್ಡೆಯ ಅಂಚು ಆಗ ಸ್ಪಷ್ಟ.

ಶಸ್ತ್ರವೈದ್ಯರಿಗೆ ಬೇಕಾದದ್ದು ಈ ಅಂಚೇ. ಗಡ್ಡೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ, ತೆಗೆದ ಮೇಲೆ ಎಷ್ಟು ಒಳ್ಳೆಯ ಯಕೃತ್ತು ಉಳಿಯುತ್ತದೆ ಎನ್ನುವುದು ಅವರ ಪ್ರಶ್ನೆ. ಅದಕ್ಕೇ ಪ್ರಿಟೆಕ್ಸ್ಟ್ ಎಂಬ ಪದ್ಧತಿಯಲ್ಲಿ ಯಕೃತ್ತನ್ನು ನಾಲ್ಕು ಭಾಗ ಮಾಡಿ, ಒಂದಕ್ಕೊಂದು ಅಂಟಿದ ಎಷ್ಟು ಭಾಗಕ್ಕೆ ಗಡ್ಡೆ ತಾಗಿಲ್ಲ ಎಂದು ಎಣಿಸುತ್ತಾರೆ. ಮೂರು ಉಳಿದಿದ್ದರೆ ಒಂದನೆಯ ಹಂತ, ಒಂದೂ ಉಳಿಯದಿದ್ದರೆ ನಾಲ್ಕನೆಯದು. ದೊಡ್ಡ ರಕ್ತನಾಳಗಳಿಗೆ ಗಡ್ಡೆ ತಾಗಿದೆಯೇ ಎಂದೂ ನೋಡುತ್ತಾರೆ. ಮೊದಲ ಚಿತ್ರ ನಿರಾಸೆ ತಂದರೂ ಧೈರ್ಯಗೆಡಬೇಕಿಲ್ಲ: ಕೀಮೋಥೆರಪಿಯಿಂದ ಗಡ್ಡೆ ಎಷ್ಟೋ ಮಕ್ಕಳಲ್ಲಿ ಕುಗ್ಗುತ್ತದೆ, ಮರುಚಿತ್ರದಲ್ಲಿ ಲೆಕ್ಕ ಬದಲಾಗುತ್ತದೆ. ಉಳಿಸಿದ ಯಕೃತ್ತು ಮತ್ತೆ ಬೆಳೆಯುತ್ತದೆ. ತೆಗೆಯಲು ಸಾಧ್ಯವೇ ಇಲ್ಲದಿದ್ದರೆ ಯಕೃತ್ತಿನ ಕಸಿಯೂ ಉಂಟು.

ಎಂ.ಆರ್.ಐ.ಯಲ್ಲಿ ಕಷ್ಟವಿರುವುದು ಅಲುಗಾಡದೆ ಮಲಗುವುದರಲ್ಲಿ. ಪ್ರತಿ ಉಸಿರಿಗೂ ಯಕೃತ್ತು ಮೇಲೆ ಕೆಳಗೆ ಸರಿಯುತ್ತದೆ, ಹಾಗಾಗಿ ಉಸಿರು ಬಿಟ್ಟ ಚಿಕ್ಕ ಬಿಡುವನ್ನು ಕಾದು ಯಂತ್ರ ಚಿತ್ರ ಹಿಡಿಯುತ್ತದೆ. ಕೆಲವು ಹಸುಗೂಸುಗಳಿಗೆ ಹಾಲು ಕುಡಿಸಿ, ಬಟ್ಟೆಯಲ್ಲಿ ಸುತ್ತಿ ಮಲಗಿಸಿದರೆ ಸಾಕಾಗುತ್ತದೆ. ಉಳಿದವರಿಗೆ ಅರಿವಳಿಕೆ ಬೇಕು, ಅದಕ್ಕೆ ಉಪವಾಸ ಬೇಕು. ಎಷ್ಟು ಹೊತ್ತಿನಿಂದ ಏನೂ ಕೊಡಬಾರದು ಎಂದು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಹಸಿದು ಅಳುವ ಮಗುವನ್ನು ಕಂಡು ಅಜ್ಜಿಯ ಕರುಳು ಚುರುಕ್ ಎಂದರೂ ಹಾಲು ಕೊಡಬೇಡಿ. ಅರಿವು ತಪ್ಪಿದಾಗ ಅದು ಶ್ವಾಸಕೋಶಕ್ಕೆ ಇಳಿಯಬಹುದು.