ಪಾಸ್ ಕೇಳಬೇಡಿ, ಟಿಕೆಟ್ ಕೊಂಡು ನಾಟಕ ನೋಡಿ

ನಿಮ್ಮೂರಿಗೆ ಈ ವರ್ಷ ಯಾವ ನಾಟಕ ಬಂದಿತ್ತು? ಕಾಲೇಜು ಓದುವ ಹುಡುಗ ಹುಡುಗಿಯರನ್ನು ಹೀಗೆ ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಶುಕ್ರವಾರ ಬಿಡುಗಡೆಯಾದ ಸಿನಿಮಾದ ಹೆಸರಾದರೆ ಪಟ್ಟನೆ ಬಾಯಿಗೆ ಬರುತ್ತದೆ. ಸಿನಿಮಾ ಬಿಡಿ ಎಂದು ಯಾರೂ ಹೇಳುತ್ತಿಲ್ಲ, ಧಾರಾಳವಾಗಿ ನೋಡಿ. ಆದರೆ ನೀವು ಹೋದರೂ ಬಿಟ್ಟರೂ ಸಿನಿಮಾದ ಒಂದು ಫ್ರೇಮೂ ಬದಲಾಗುವುದಿಲ್ಲ. ನಾಟಕಕ್ಕೆ ಮಾತ್ರ ನೀವು ಬೇಕೇ ಬೇಕು. ನೀವು ಬಂದು ಕೂತರೇ ಅದು ಪೂರ್ತಿಯಾಗುವುದು.

ನಂಬಿಕೆ ಬಾರದಿದ್ದರೆ ಯಾವುದಾದರೂ ಸಣ್ಣ ತಂಡದ ಪ್ರದರ್ಶನಕ್ಕೆ ಹೋಗಿ ಮುಂದಿನ ಸಾಲಿನಲ್ಲೇ ಕೂತುಬಿಡಿ. ಲೈಟಿನ ಕಾವಿಗೆ ನಟನ ಮೇಕಪ್ಪು ಬೆವರಾಗಿ ಕಿವಿಯ ಪಕ್ಕ ಇಳಿಯುವುದು ಕಾಣುತ್ತದೆ. ಅವನ ಹೆಜ್ಜೆಗೆ ಹಲಗೆ ಧಡಕ್ಕೆಂದರೆ ನಿಮ್ಮ ಪಾದಕ್ಕೂ ತಿಳಿಯುತ್ತದೆ. ಸಭೆ ನಕ್ಕರೆ ಮುಂದಿನ ಮಾತನ್ನು ಅರೆಗಳಿಗೆ ತಡೆದು ನಿಲ್ಲುತ್ತಾನೆ. ಸಭೆ ತೂಕಡಿಸಿದರೆ ದನಿ ಬದಲಿಸುತ್ತಾನೆ. ಕೈಯಲ್ಲಿದ್ದ ರಂಗಪರಿಕರ ಜಾರಿ ಬಿದ್ದರೆ ಎದುರಿನ ನಟಿ ಅದನ್ನೇ ಒಂದು ಮಾತು ಮಾಡಿ ಎತ್ತಿಕೊಡುತ್ತಾಳೆ. ಆ ರಾತ್ರಿ ನೀವು ನೋಡಿದ್ದು ಇನ್ನೊಂದು ಊರಿನಲ್ಲಿ ಯಾರಿಗೂ ಸಿಗುವುದಿಲ್ಲ. ಮೊಬೈಲಿನಲ್ಲಿ ಚಿತ್ರೀಕರಿಸಿ ತಂದರೂ ಸಿಗುವುದಿಲ್ಲ.

ಇದಕ್ಕೆಲ್ಲ ದೊಡ್ಡ ಊರು, ದೊಡ್ಡ ದುಡ್ಡು ಬೇಕು ಎಂದುಕೊಂಡಿರಾ? ಸಾಗರ ತಾಲ್ಲೂಕಿನ ಹೆಗ್ಗೋಡನ್ನು ನೋಡಿ. ಅಡಿಕೆ ತೋಟಗಳ ನಡುವಿನ ಆ ಹಳ್ಳಿಯಲ್ಲಿ 1949ರಲ್ಲಿ ಒಂದಿಷ್ಟು ಉತ್ಸಾಹಿಗಳು ಸೇರಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಅದೇ ಮುಂದೆ ನೀನಾಸಂ ಆಯಿತು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಸ್ವತಃ ಅಡಿಕೆ ಬೆಳೆಗಾರರು. ಹಳ್ಳಿ ಬಿಟ್ಟು ಕದಲದೆ ಕೆಲಸ ಮಾಡಿದ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು, 1985ರಲ್ಲಿ ತಿರುಗಾಟ. ತಿರುಗಾಟದ ತಂಡ ನಾಟಕಗಳನ್ನು ಹೊತ್ತು ಊರಿಂದ ಊರಿಗೆ ಹೋಗುತ್ತದೆ. ರಾಜನ ಪಾತ್ರದವನೂ ಪೆಟ್ಟಿಗೆ ಇಳಿಸಬೇಕು, ರಂಗಸಜ್ಜಿಕೆಗೆ ಕೈ ಹಾಕಬೇಕು, ಆಮೇಲೆ ಬಣ್ಣಕ್ಕೆ ಕೂರಬೇಕು. ನೀವು ತೆರೆಯ ಮೇಲೆ ಮೆಚ್ಚುವ ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಪಳಗಿದ್ದು ಇದೇ ಹೆಗ್ಗೋಡಿನಲ್ಲಿ.

ಹೆಗ್ಗೋಡು ಒಂದೇ ಅಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಮಠದಿಂದ ಶಿವಸಂಚಾರ ಎಂಬ ನಾಟಕ ತಂಡ ಪ್ರತಿ ವರ್ಷ ನಾಡು ಸುತ್ತಲು ಹೊರಡುತ್ತದೆ. ಮೈಸೂರಿನಲ್ಲಿ ರಂಗನಿರ್ದೇಶಕ ಬಿ.ವಿ. ಕಾರಂತರು ಕಟ್ಟಿದ ನಾಟಕ ಸಂಸ್ಥೆ ರಂಗಾಯಣವಿದೆ. ಬೆಂಗಳೂರಿನ ರಂಗಶಂಕರ ರಂಗಮಂದಿರದಲ್ಲಿ ಹೊತ್ತು ಮೀರಿ ಬಂದವರಿಗೆ, ಅವರು ಯಾರೇ ಆಗಿರಲಿ, ಬಾಗಿಲು ತೆರೆಯುವುದಿಲ್ಲ. ಆಡುವವರ ಶ್ರಮಕ್ಕೆ ನೋಡುವವರು ಕೊಡುವ ಮರ್ಯಾದೆ ಎಂದರೆ ಅದು. ಉತ್ತರ ಕರ್ನಾಟಕದವರಾದರೆ ಜಾತ್ರೆಗೆ ಟೆಂಟ್ ಹಾಕುವ ಕಂಪನಿ ನಾಟಕವನ್ನು ಬಿಡಬೇಡಿ. ಕಂಪನಿ ನಾಟಕದ ಪರಂಪರೆ ನಾಡಿನಲ್ಲಿ ಹಳೆಯದು, ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ರಾಜ್‌ಕುಮಾರ್ ಅವರ ಸ್ಪಷ್ಟ ಉಚ್ಚಾರಣೆಯ ಹಿಂದೆ ಅಂಥ ಕಂಪನಿಯ ತಾಲೀಮು ಇದೆ.

ಆದ್ದರಿಂದ ಗೆಳೆಯರೇ, ಈ ತಿಂಗಳು ಒಂದು ಕೆಲಸ ಮಾಡಿ. ನಿಮ್ಮೂರಿನ ಹವ್ಯಾಸಿ ತಂಡ ಯಾವುದು, ತಾಲೀಮು ಎಲ್ಲಿ ನಡೆಯುತ್ತದೆ ಎಂದು ವಿಚಾರಿಸಿ. ಶಾಲೆಯ ಕೊಠಡಿಯಲ್ಲೋ ಯಾರದೋ ಮಾಳಿಗೆಯ ಮೇಲೋ ಬ್ಯಾಂಕಿನವರು, ಮೇಷ್ಟ್ರು, ಅಂಗಡಿಯವರು ಹಗಲಿನ ದುಡಿಮೆ ಮುಗಿಸಿ ಬಂದು ಮಾತು ಬಾಯಿಪಾಠ ಮಾಡುತ್ತಿರುತ್ತಾರೆ. ಅವರಿಗೆ ಬೇಕಾದದ್ದು ನಾಯಕರಷ್ಟೇ ಅಲ್ಲ. ಲೈಟ್ ಹಿಡಿಯುವವರು ಬೇಕು, ಪ್ರಾಂಪ್ಟ್ ಮಾಡುವವರು ಬೇಕು, ಪೋಸ್ಟರ್ ಅಂಟಿಸುವವರು ಬೇಕು, ತಮಟೆ ಬಲ್ಲವರು ಬೇಕು. ಸ್ಟೇಜು ಹತ್ತಲು ಎದೆ ಡವಡವ ಎನ್ನುತ್ತದೆಯೇ? ನೇಪಥ್ಯದಿಂದಲೇ ಶುರುಮಾಡಿ. ನಾಲ್ಕು ಜನರ ಮುಂದೆ ನಿಂತು ಮಾತಾಡುವ ಧೈರ್ಯ ತಾನಾಗಿ ಬರುತ್ತದೆ.

ಅಷ್ಟು ಬಿಡುವಿಲ್ಲದವರು ಪ್ರೇಕ್ಷಕರಾಗಿಯಾದರೂ ಬನ್ನಿ. ಹತ್ತು ನಿಮಿಷ ಮೊದಲೇ ಬಂದು ಕೂರಿ. ಫೋನ್ ಆಫ್ ಮಾಡಿ. ನಾಟಕ ಹಿಡಿಸದಿದ್ದರೆ ಮುಗಿದ ಮೇಲೆ ನಿರ್ದೇಶಕರ ಬಳಿ ಹೋಗಿ ಯಾಕೆಂದು ಹೇಳಿ, ಜಗಳವನ್ನೇ ಮಾಡಿ. ತೋರಿಕೆಯ ಚಪ್ಪಾಳೆಗಿಂತ ಅದು ಮೇಲು. ಆದರೆ ಪರಿಚಯದವರಿದ್ದಾರೆಂದು ಪಾಸ್ ಮಾತ್ರ ಕೇಳಬೇಡಿ. ಸಭಾಂಗಣದ ಬಾಡಿಗೆ, ಲೈಟಿನ ಬಾಡಿಗೆ, ವ್ಯಾನಿನ ಡೀಸೆಲ್ಲು ಎಲ್ಲವೂ ನಿಮ್ಮ ಟಿಕೆಟ್ಟಿನಿಂದಲೇ ಹುಟ್ಟಬೇಕು. ಒಂದು ಟಿಕೆಟ್ ನಿಮಗೆ ಕೊಳ್ಳಿ, ಇನ್ನೊಂದನ್ನು ಈವರೆಗೆ ನಾಟಕವನ್ನೇ ನೋಡಿರದ ಗೆಳೆಯನಿಗೆ ಕೊಡಿಸಿ. ನಿಮ್ಮೂರಿನ ರಂಗಭೂಮಿ ಉಳಿಯುವುದು ಭಾಷಣದಿಂದಲ್ಲ, ತುಂಬಿದ ಕುರ್ಚಿಗಳಿಂದ.